ಭಾರವನ್ನೆತ್ತುವ ಗತಿಯೂ ದೇಹದ ಶ್ರಮವೂ: ಮಂಡ್ಯ ಸೀಮೆಯ ನಿದರ್ಶನಗಳೊಡನೆ ಒಂದು ವಿವೇಚನೆ

ಬಲಸಾಧನೆಯ ವಿಚಾರದಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಮಾತ್ರ ಕೇಳುವ ವಾಡಿಕೆಯುಂಟು: ಎಷ್ಟು ಭಾರ, ಎಷ್ಟು ಸಲ. ಗರಡಿಮನೆಯ ಮಣ್ಣಿನಲ್ಲಿ ಬೆಳೆದ ಹಿರಿಯರು ತಾವು ಹೊಡೆದ ಬಸ್ಕಿಗಳ ಲೆಕ್ಕವನ್ನು ಹೇಳುತ್ತಾರೆ. ಇಂದಿನ ವ್ಯಾಯಾಮಶಾಲೆಯ ತರುಣರು ತಾವೆತ್ತಿದ ಕಿಲೋಗ್ರಾಮುಗಳ ಲೆಕ್ಕವನ್ನು ಹೇಳುತ್ತಾರೆ. ಆ ಭಾರವನ್ನು ಮೇಲೆತ್ತಲು ಎಷ್ಟು ಹೊತ್ತು ಹಿಡಿಯಿತು, ಕೆಳಗಿಳಿಸಲು ಎಷ್ಟು ಹೊತ್ತು ಹಿಡಿಯಿತು ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಈ ಲೇಖನದಲ್ಲಿ ನಾವು ಪರಿಶೀಲಿಸಹೊರಟಿರುವುದು ಆ ಮೂರನೆಯ ಪ್ರಶ್ನೆಯನ್ನು. ಮಂಡ್ಯ, ಮದ್ದೂರು, ಮಳವಳ್ಳಿಗಳ ಕಾಲೇಜುಗಳಲ್ಲಿ ಪಾಠ ಹೇಳುವವರಿಗೆ ಇದು ಬರಿಯ ಕುತೂಹಲದ ವಿಷಯವಲ್ಲ. ಬೆಲೆಬಾಳುವ ಉಪಕರಣಗಳಿಲ್ಲದ ಕಡೆ ಹಗುರವಾದ ಭಾರದಿಂದಲೇ ಭಾರಿ ಭಾರದ ಫಲವನ್ನು ಪಡೆಯಬಹುದೆ, ವಯಸ್ಸಾದವರಿಗೂ ರಕ್ತದೊತ್ತಡವುಳ್ಳವರಿಗೂ ಯಾವ ಗತಿ ತಕ್ಕುದು ಎಂಬ ಪ್ರಶ್ನೆಗಳಿಗೆ ಉತ್ತರ ಇದರಲ್ಲಿಯೇ ಅಡಗಿದೆ.

ಮೊದಲು ಪರಿಭಾಷೆಯನ್ನು ಗೊತ್ತುಮಾಡಿಕೊಳ್ಳೋಣ. ಸಂಗೀತದಲ್ಲಿ ವಿಳಂಬ, ಮಧ್ಯ, ದ್ರುತ ಎಂದು ಲಯವನ್ನು ಮೂರಾಗಿ ಎಣಿಸುವಂತೆ ಭಾರವನ್ನೆತ್ತುವುದರಲ್ಲಿಯೂ ಗತಿಭೇದವನ್ನು ಎಣಿಸಬಹುದು. ಭಾರ ಒಮ್ಮೆ ಮೇಲೇರಿ ಮರಳಿ ಇಳಿದರೆ ಅದನ್ನು ಒಂದು ಆವರ್ತವೆನ್ನುತ್ತೇವೆ. ಆವರ್ತಕ್ಕೆ ನಾಲ್ಕು ಅಂಗಗಳು: ಏರಿಕೆ, ಮೇಲಿನ ತಂಗು, ಇಳಿಕೆ, ಕೆಳಗಿನ ತಂಗು. ಈಗಿನ ವ್ಯಾಯಾಮಶಾಲೆಗಳ ಹಲಗೆಗಳ ಮೇಲೆ ‘೩-೧-೧-೦’ ಎಂಬಂಥ ಅಂಕಿಗಳನ್ನು ಬರೆದಿರುವುದನ್ನು ಕೆಲವು ಓದುಗರು ಕಂಡಿರಬಹುದು. ಮೂರು ಸೆಕೆಂಡು ಇಳಿಸು, ಕೆಳಗೆ ಒಂದು ಸೆಕೆಂಡು ತಡೆ, ಒಂದು ಸೆಕೆಂಡಿನಲ್ಲಿ ಎತ್ತು, ಮೇಲೆ ನಿಲ್ಲಬೇಡ ಎಂಬುದಷ್ಟೇ ಅದರ ಅರ್ಥ. ಅವು ಯಂತ್ರದ ಮೇಲೆ ಬರೆದ ಬೀಜಾಕ್ಷರಗಳೇನೂ ಅಲ್ಲ. ಆದರೂ ಕೆಲವರು ಅವಕ್ಕೆ ಅಷ್ಟೇ ಭಕ್ತಿಯನ್ನು ತೋರಿಸುತ್ತಾರೆ.

ಭೌತಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಇಲ್ಲೊಂದು ಸೋಜಿಗವಿದೆ. ಇಪ್ಪತ್ತು ಕಿಲೋಗ್ರಾಮಿನ ಮರಳಿನ ಚೀಲವನ್ನು ಅರ್ಧ ಮೀಟರು ಮೇಲಕ್ಕೆತ್ತಿದರೆ ಅದರ ಮೇಲೆ ನಡೆಯುವ ಕೆಲಸ ಸುಮಾರು ೯೮ ಜೌಲು. ಅರ್ಧ ಸೆಕೆಂಡಿನಲ್ಲಿ ಎತ್ತಿದರೂ ಅಷ್ಟೇ, ನಾಲ್ಕು ಸೆಕೆಂಡಿನಲ್ಲಿ ಎತ್ತಿದರೂ ಅಷ್ಟೇ. ಆದರೆ ಕೈಗೆ ತಗಲುವ ಭಾರ ಮಾತ್ರ ಒಂದೇ ಸಮನಾಗಿರುವುದಿಲ್ಲ. ದಾರಿಯ ಮೊದಲರ್ಧದಲ್ಲಿ ವೇಗ ಒಂದೇ ಪ್ರಮಾಣದಲ್ಲಿ ಏರಿ ಎರಡನೆಯ ಅರ್ಧದಲ್ಲಿ ಹಾಗೆಯೇ ಇಳಿಯುತ್ತದೆಂದು ಭಾವಿಸಿ ಲೆಕ್ಕ ಹಾಕೋಣ. ನಾಲ್ಕು ಸೆಕೆಂಡು ತೆಗೆದುಕೊಂಡವನ ಕೈಗೆ ಉದ್ದಕ್ಕೂ ಹೆಚ್ಚು ಕಡಮೆ ಇಪ್ಪತ್ತು ಕಿಲೋಗ್ರಾಮೇ ತಗಲುತ್ತದೆ. ಒಂದು ಸೆಕೆಂಡಿನಲ್ಲಿ ಎತ್ತಿದವನಿಗೆ ಮೊದಲರ್ಧದಲ್ಲಿ ಇಪ್ಪತ್ತನಾಲ್ಕು, ಎರಡನೆಯ ಅರ್ಧದಲ್ಲಿ ಹದಿನಾರು. ಅರ್ಧ ಸೆಕೆಂಡಿನಲ್ಲಿ ಝಾಡಿಸಿ ಎತ್ತಿದವನಿಗಾದರೋ ಮೊದಲರ್ಧದಲ್ಲಿ ಮೂವತ್ತಾರು ಕಿಲೋಗ್ರಾಮಿನಷ್ಟು, ಎರಡನೆಯ ಅರ್ಧದಲ್ಲಿ ನಾಲ್ಕು ಕಿಲೋಗ್ರಾಮಿಗೂ ಕಡಮೆ! ಎಂದರೆ ಅವನು ಚೀಲವನ್ನು ಎತ್ತುತ್ತಿರುವುದಕ್ಕಿಂತ ಎಸೆಯುತ್ತಿದ್ದಾನೆಂದು ಹೇಳುವುದೇ ಸರಿ. ದಾರಿಯ ಅರ್ಧಭಾಗದಲ್ಲಿ ಅವನ ತೋಳಿಗೆ ಕೆಲಸವೇ ಇಲ್ಲ. ಇಳಿಸುವಾಗ ಈ ಲೆಕ್ಕ ತಿರುವುಮುರುವಾಗುತ್ತದೆ. ಸರ್ರನೆ ಇಳಿಬಿಟ್ಟ ಭಾರ ಮೊದಲು ಹಗುರವಾಗಿದ್ದು, ಕಡೆಯಲ್ಲಿ ತಡೆದು ನಿಲ್ಲಿಸುವಾಗ ಸುಮಾರು ಇಮ್ಮಡಿಯಾಗಿ ಕೀಲುಗಳ ಮೇಲೆರಗುತ್ತದೆ. ಭುಜವೋ ಮೊಣಕಾಲೋ ಉಳುಕಿತೆಂದು ಬರುವ ವಿದ್ಯಾರ್ಥಿಗೆ ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಒಮ್ಮೆ ಮಾಡಿ ತೋರಿಸುವುದು ಉಪಯುಕ್ತ.

ಇನ್ನು ಮಾಂಸಖಂಡದ ಒಳಗೇನು ನಡೆಯುತ್ತದೆ? ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಏ. ವಿ. ಹಿಲ್ ೧೯೩೮ರಲ್ಲಿ ಕಪ್ಪೆಯ ಸ್ನಾಯುಗಳ ಮೇಲೆ ಪ್ರಯೋಗ ನಡೆಸಿ, ಸ್ನಾಯು ಎಷ್ಟು ವೇಗವಾಗಿ ಮುದುಡಿಕೊಳ್ಳುತ್ತದೆಯೋ ಅಷ್ಟು ಕಡಮೆ ಬಲವನ್ನು ಅದು ತೋರಬಲ್ಲುದು ಎಂಬ ಸಂಬಂಧವನ್ನು ಸಮೀಕರಣದ ರೂಪದಲ್ಲಿ ನಿರೂಪಿಸಿದರು. ಸ್ನಾಯುತಂತುವಿನೊಳಗೆ ಮಯೋಸಿನ್ ಎಳೆಗಳ ತಲೆಗಳು ಆಕ್ಟಿನ್ ಎಳೆಗಳನ್ನು ಹಿಡಿದು ಎಳೆದು ಬಿಟ್ಟು ಮತ್ತೆ ಹಿಡಿಯುತ್ತವೆ. ಹಗ್ಗ ಜಗ್ಗುವವರು ಕೈಮೇಲೆ ಕೈ ಹಾಕಿ ಎಳೆಯುವಂತೆಯೇ ಇದು. ಹಗ್ಗ ವೇಗವಾಗಿ ಸರಿಯುತ್ತಿದ್ದರೆ ಯಾವ ಒಂದು ಕ್ಷಣದಲ್ಲಿಯೂ ಹಗ್ಗವನ್ನು ಹಿಡಿದಿರುವ ಕೈಗಳು ಕಡಮೆ. ಆದ್ದರಿಂದ ಬಲವೂ ಕಡಮೆ. ಪ್ರತಿಯಾಗಿ, ಬಿಗಿದ ಸ್ನಾಯುವನ್ನು ಹೊರಗಿನ ಭಾರ ಎಳೆದು ಉದ್ದಮಾಡುತ್ತಿರುವಾಗ, ಎಂದರೆ ಭಾರವನ್ನು ತಡೆತಡೆದು ಇಳಿಸುವಾಗ, ಅದು ತೋರುವ ಬಲ ಎತ್ತುವಾಗಿನ ಬಲವನ್ನು ಮೀರುತ್ತದೆ. ಎತ್ತಲಾರದ ಭಾರವನ್ನು ಇಳಿಸಬಹುದೆಂಬುದು ಗಾಡಿಗೆ ಹೊರೆ ತುಂಬಿ ಇಳಿಸುವ ಪ್ರತಿಯೊಬ್ಬನೂ ಬಲ್ಲ ಸಂಗತಿ.

ನಮ್ಮ ಸೀಮೆಯ ದುಡಿಮೆಯನ್ನೇ ನೋಡಬಹುದು. ೧೯೩೩ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾದಂದಿನಿಂದ ಕಬ್ಬಿನ ಹೊರೆ ಇಲ್ಲಿನ ಬಾಳಿನ ಒಂದು ಅಂಗವಾಗಿದೆ. ಹೊರೆಯನ್ನು ತಲೆಗೇರಿಸಿಕೊಂಡು ಹಲಗೆಯ ಮೇಲೆ ಹತ್ತಿ ಲಾರಿಗೆ ತುಂಬುವ ಆಳು ದಿನವೆಲ್ಲ ಮಾಡುವುದು ಬಹುಮಟ್ಟಿಗೆ ಏರಿಕೆಯ ಕೆಲಸ. ಹೊರೆಯನ್ನು ಅವನು ಮೆಲ್ಲನೆ ಇಳಿಸುವುದಿಲ್ಲ, ಕೆಡವುತ್ತಾನೆ. ಮಳವಳ್ಳಿಯ ಕಡೆ ರೇಷ್ಮೆಹುಳುವಿಗಾಗಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊರುವವರದೂ ಇದೇ ರೀತಿ. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಕಾಯಿಗಳನ್ನು ಕೈಯಿಂದ ಕೈಗೆ ದಾಟಿಸಿ ಲಾರಿ ತುಂಬುವವರ ಗತಿ ಶುದ್ಧ ದ್ರುತ. ಅಲ್ಲಿ ಭಾರ ಸ್ವಲ್ಪ, ಆವರ್ತಗಳು ಅಸಂಖ್ಯ. ಹಿಂದೆ ಮನೆಮನೆಯಲ್ಲಿದ್ದ ಒನಕೆಯ ಕೆಲಸ ಇವೆಲ್ಲಕ್ಕಿಂತ ಸ್ವಾರಸ್ಯವಾದುದು. ಇಬ್ಬರು ಹೆಂಗಸರು ಒಂದೇ ಒರಳಿಗೆ ಸರದಿಯಂತೆ ಒನಕೆ ಹಾಕುವಾಗ ಎತ್ತುವುದಷ್ಟೇ ತೋಳಿನ ಪಾಲು. ಇಳಿಯುವಾಗ ಒನಕೆ ತನ್ನ ತೂಕದಿಂದಲೇ ಬೀಳುತ್ತದೆ, ತೋಳು ಅದನ್ನು ತಡೆಯುವುದಿಲ್ಲ, ಕೊಂಚ ನೂಕುವುದೂ ಉಂಟು. ಇಬ್ಬರ ಒನಕೆಗಳೂ ಒಂದಕ್ಕೊಂದು ತಾಗದಂತೆ ಗತಿಯನ್ನು ಕಾಪಾಡುತ್ತಿದ್ದುದು ಹಾಡು. ಗತಿಯನ್ನು ಗಡಿಯಾರದಿಂದಲೇ ಕಲಿಯಬೇಕೆಂದೇನೂ ಇಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ತೋರದು.

ಏರಿಕೆ ಇಳಿಕೆಗಳ ಈ ಅಂತರವನ್ನು ಅತ್ಯಂತ ಸೊಗಸಾಗಿ ತೋರಿಸಿಕೊಟ್ಟ ಪ್ರಯೋಗ ೧೯೫೨ರದು. ಅಬಟ್, ಬಿಗ್ಲೆಂಡ್, ರಿಚಿ ಎಂಬ ಮೂವರು ವಿಜ್ಞಾನಿಗಳು ಎರಡು ಬೈಸಿಕಲ್ಲುಗಳನ್ನು ಬೆನ್ನಿಗೆ ಬೆನ್ನಾಗಿ ನಿಲ್ಲಿಸಿ ಒಂದೇ ಸರಪಳಿಯಿಂದ ಜೋಡಿಸಿದರು. ಒಬ್ಬ ಸವಾರ ಎಂದಿನಂತೆ ಪೆಡಲು ತುಳಿಯುತ್ತಿದ್ದರೆ ಇನ್ನೊಬ್ಬ ಹಿಂದಕ್ಕೆ ತಿರುಗುತ್ತಿರುವ ಪೆಡಲನ್ನು ತಡೆಯುತ್ತಿದ್ದ. ಇಬ್ಬರ ಕಾಲುಗಳೂ ಎದುರುಬದುರಾಗಿ ಪ್ರಯೋಗಿಸಿದ ಬಲ ಒಂದೇ, ವೇಗವೂ ಒಂದೇ. ಆದರೆ ತುಳಿಯುವವನು ಬಳಸಿದ ಆಮ್ಲಜನಕ ತಡೆಯುವವನು ಬಳಸಿದ್ದಕ್ಕಿಂತ ಹಲವು ಮಡಿ ಹೆಚ್ಚಾಗಿತ್ತು. ವೇಗ ಹೆಚ್ಚಿದಂತೆಲ್ಲ ಅಂತರವೂ ಹೆಚ್ಚಿತು. ಸಣ್ಣಾಳೊಬ್ಬ ತಡೆಯುತ್ತ ಕುಳಿತು ದಢೂತಿ ಆಳನ್ನು ಬೆವರಿಳಿಸಬಹುದಾದ ಈ ಯಂತ್ರವನ್ನು ಕಾಲೇಜಿನ ವಿಜ್ಞಾನ ಪ್ರದರ್ಶನದಲ್ಲಿ ಯಾರಾದರೂ ಮಾಡಿ ತೋರಿಸಿದರೆ ನೋಡಲು ನಾವು ಮೊದಲ ಸಾಲಿನಲ್ಲಿ ಕುಳಿತೇವು.

ಇಳಿಕೆ ಅಗ್ಗವೆಂದು ಇದರಿಂದ ತೋರುತ್ತದೆ. ಆದರೆ ಅದರ ಬೆಲೆಯನ್ನು ಮರುದಿನ ತೆರಬೇಕಾಗುತ್ತದೆ. ಮೇಲುಕೋಟೆಯ ಯೋಗನರಸಿಂಹಸ್ವಾಮಿಯ ಬೆಟ್ಟವನ್ನು ಹತ್ತಿ ಬಂದ ಯಾತ್ರಿಕರು ಹತ್ತುವಾಗ ಏದುತ್ತಾರೆ, ಇಳಿಯುವಾಗ ನಗುನಗುತ್ತ ಇಳಿಯುತ್ತಾರೆ. ಮಾರನೆಯ ಬೆಳಿಗ್ಗೆ ತೊಡೆ ಹಿಡಿದುಕೊಂಡು ಕುಳಿತಾಗ ಹತ್ತಿದ್ದನ್ನು ಬೈಯುತ್ತಾರೆ. ಬೈಗುಳ ಸಲ್ಲಬೇಕಾದದ್ದು ಇಳಿದದ್ದಕ್ಕೆ. ಕಡಮೆ ತಂತುಗಳು ಹೆಚ್ಚು ಸೆಳೆತವನ್ನು ಹೊತ್ತು ಉದ್ದವಾಗುವಾಗ ಅವುಗಳಲ್ಲಿ ಸೂಕ್ಷ್ಮವಾದ ಹರುಕುಗಳುಂಟಾಗುತ್ತವೆ. ನೋವು ತಡವಾಗಿ ಮೊದಲಿಟ್ಟು ಒಂದರಿಂದ ಮೂರು ದಿನಗಳೊಳಗೆ ಶಿಖರವನ್ನು ಮುಟ್ಟುತ್ತದೆ. ಈ ನೋವು ತಂತುಗಳ ಹರುಕಿನಿಂದ ಹುಟ್ಟುವುದೆಂಬ ಊಹೆಯನ್ನು ಅಮೆರಿಕದ ಥಿಯೊಡೋರ್ ಹಫ್ ೧೯೦೨ರಷ್ಟು ಹಿಂದೆಯೇ ಮುಂದಿಟ್ಟಿದ್ದರು. ಅದೇ ಕೆಲಸವನ್ನು ಕೆಲವು ದಿನಗಳ ಮೇಲೆ ಮತ್ತೆ ಮಾಡಿದರೆ ನೋವು ಬಹಳ ಕಡಮೆಯಾಗುತ್ತದೆಂಬುದು ಸಮಾಧಾನದ ಸಂಗತಿ. ಒಂದೇ ಅನುಭವದಿಂದ ಸ್ನಾಯು ಪಾಠ ಕಲಿತುಬಿಡುತ್ತದೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ನಿಧಾನವಾಗಿ ಎತ್ತಿದರೆ ಸ್ನಾಯು ಹೆಚ್ಚು ಬೆಳೆಯುವುದೆ? ಜಪಾನಿನ ತನಿಮೊಟೊ ಮತ್ತು ಇಶಿಯಿ ೨೦೦೬ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಗಮನಾರ್ಹ. ಇಪ್ಪತ್ತನಾಲ್ಕು ತರುಣರನ್ನು ಮೂರು ಗುಂಪು ಮಾಡಿ ಹನ್ನೆರಡು ವಾರ ಮೊಣಕಾಲನ್ನು ನೀಡುವ ವ್ಯಾಯಾಮ ಮಾಡಿಸಿದರು. ಒಂದು ಗುಂಪು, ಒಮ್ಮೆ ಮಾತ್ರ ಎತ್ತಬಹುದಾದ ಗರಿಷ್ಠ ಭಾರದ ಶೇಕಡ ೮೦ರಷ್ಟನ್ನು ಸಾಧಾರಣ ವೇಗದಲ್ಲಿ ಎತ್ತಿತು. ಎರಡನೆಯದು ಶೇಕಡ ೫೦ರಷ್ಟನ್ನು ಮಾತ್ರ, ಆದರೆ ಮೂರು ಸೆಕೆಂಡು ಏರಿಕೆ, ಒಂದು ಸೆಕೆಂಡು ತಡೆ, ಮೂರು ಸೆಕೆಂಡು ಇಳಿಕೆ ಎಂಬ ಕ್ರಮದಲ್ಲಿ, ನಡುವೆ ಸ್ನಾಯುವನ್ನು ಎಲ್ಲಿಯೂ ಸಡಿಲಬಿಡದೆ ಎತ್ತಿತು. ಮೂರನೆಯದು ಅದೇ ಶೇಕಡ ೫೦ನ್ನು ಸಾಧಾರಣ ವೇಗದಲ್ಲಿ ಎತ್ತಿತು. ಕಡೆಯಲ್ಲಿ ಮೊದಲೆರಡು ಗುಂಪುಗಳ ಸ್ನಾಯುಗಾತ್ರವೂ ಬಲವೂ ಹೆಚ್ಚುಕಡಮೆ ಒಂದೇ ಸಮನಾಗಿ ಬೆಳೆದಿದ್ದವು. ಮೂರನೆಯದರಲ್ಲಿ ಅಂಥ ಬೆಳವಣಿಗೆ ಕಾಣಲಿಲ್ಲ. ಬಿಗಿದೇ ಇರುವ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ಅದುಮಿಕೊಳ್ಳುವುದರಿಂದ ಅಲ್ಲಿ ಆಮ್ಲಜನಕ ಕುಗ್ಗಿ ಬೇಗ ದಣಿವುಂಟಾಗುತ್ತದೆ. ೨೦೧೨ರಲ್ಲಿ ಬರ್ಡ್ ಮತ್ತು ಅವರ ಸಂಗಡಿಗರು ಎಂಟು ಮಂದಿಯಲ್ಲಿ ಶೇಕಡ ೩೦ರ ಭಾರವನ್ನು ಆರು ಸೆಕೆಂಡು ಎತ್ತಿ ಆರು ಸೆಕೆಂಡು ಇಳಿಸುವಂತೆ, ದಣಿದು ನಿಲ್ಲುವವರೆಗೂ ಮಾಡಿಸಿದಾಗ, ಅಷ್ಟೇ ಆವರ್ತಗಳನ್ನು ಬೇಗ ಮುಗಿಸಿದ ಕಾಲಿಗಿಂತ ನಿಧಾನದ ಕಾಲಿನಲ್ಲಿ ಮರುದಿನ ಸ್ನಾಯುವಿನ ಪ್ರೋಟೀನು ನಿರ್ಮಾಣ ಹೆಚ್ಚಾಗಿದ್ದುದನ್ನು ಕಂಡರು.

ಇಲ್ಲಿ ನಾವು ಕೊಂಚ ತಡೆದು ನೋಡಬೇಕು. ಈ ಎರಡು ಪ್ರಯೋಗಗಳಲ್ಲಿಯೂ ಬೇಗ ಎತ್ತಿದವರು ಹಗುರ ಭಾರವನ್ನು ದಣಿಯುವ ಮುನ್ನವೇ ಕೆಳಗಿಟ್ಟವರು. ಹಾಗಾದರೆ ಫಲಕೊಟ್ಟದ್ದು ನಿಧಾನವೋ, ದಣಿವೋ? ಹೆನ್ನೆಮನ್ ೧೯೬೫ರಲ್ಲಿ ಸ್ಥಾಪಿಸಿದ ನಿಯಮದ ಪ್ರಕಾರ ನರಗಳು ಮೊದಲು ಸಣ್ಣ ತಂತುಸಮೂಹಗಳನ್ನು ಕೆಲಸಕ್ಕೆ ಕರೆಯುತ್ತವೆ. ಬಲದ ಬೇಡಿಕೆ ಹೆಚ್ಚಿದಾಗ ಮಾತ್ರ ದೊಡ್ಡ ಸಮೂಹಗಳ ಸರದಿ. ಸುಗ್ಗಿಯಲ್ಲಿ ಮನೆಯವರ ಕೈಸಾಲದಾದಾಗಲಷ್ಟೇ ಊರವರನ್ನು ಕರೆಯುವಂತೆ. ಹಗುರ ಭಾರವನ್ನು ಎತ್ತುತ್ತಿರುವಾಗಲೂ ಮೊದಲಿನವು ದಣಿದರೆ ಕಡೆಯವನ್ನು ಕರೆಯಲೇಬೇಕು. ಹೀಗಾಗಿ ದಣಿವೇ ಪ್ರಧಾನವೆಂದು ನಮ್ಮ ಅಭಿಪ್ರಾಯ. ಷೋನ್‌ಫೆಲ್ಡ್ ಮೊದಲಾದವರು ೨೦೧೫ರಲ್ಲಿ ಎಂಟು ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದಾಗ ಬಂದ ನಿರ್ಣಯವೂ ಇದನ್ನೇ ಸಮರ್ಥಿಸುತ್ತದೆ: ಇನ್ನು ಎತ್ತಲಾರೆನೆನ್ನುವವರೆಗೂ ಎತ್ತಿದರೆ, ಒಂದು ಆವರ್ತಕ್ಕೆ ಅರ್ಧ ಸೆಕೆಂಡಿನಿಂದ ಎಂಟು ಸೆಕೆಂಡಿನವರೆಗೆ ಎಷ್ಟು ಹಿಡಿದರೂ ಸ್ನಾಯುವಿನ ಬೆಳವಣಿಗೆ ಬಹುಮಟ್ಟಿಗೆ ಒಂದೇ, ಹತ್ತು ಸೆಕೆಂಡನ್ನು ಮೀರಿದ ಅತಿವಿಳಂಬ ಪ್ರಾಯಶಃ ಕೀಳು. ಅತಿ ನಿಧಾನದಲ್ಲಿ ಎತ್ತಬಹುದಾದ ಭಾರವೇ ತೀರ ಹಗುರವಾಗಿಬಿಡುವುದು ಇದಕ್ಕೆ ಕಾರಣವಿರಬಹುದು. ಆದ್ದರಿಂದ ಹಲಗೆಯ ಮೇಲಿನ ಅಂಕಿಗಳಲ್ಲಿ ರಹಸ್ಯವೇನೂ ಇಲ್ಲ. ನಿಧಾನಗತಿ ಮಾಡುವುದು ಒಂದೇ ಉಪಕಾರ: ಹಗುರ ಭಾರದಿಂದ ಬೇಗ ದಣಿಸುತ್ತದೆ. ಭಾರವಾದ ಉಪಕರಣವಿಲ್ಲದ ಕಾಲೇಜಿಗೆ ಅದು ಸಣ್ಣ ಉಪಕಾರವಲ್ಲ.

ಗರಡಿಯ ಸಾಮು ಈ ತೂಕದಲ್ಲಿ ಹೇಗೆ ನಿಲ್ಲುತ್ತದೆ? ನಮ್ಮ ನಾಡಿನಲ್ಲಿ ಮಲ್ಲರ ಶಿಕ್ಷಣದ ವಿಚಾರ ಹಳೆಯದು; ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಮಲ್ಲವಿನೋದದಲ್ಲಿಯೇ ಭಾರವನ್ನೆತ್ತುವ ಶ್ರಮದ ಪ್ರಸ್ತಾಪವಿದೆ. ಮೈಸೂರು ದಸರೆಯ ಕುಸ್ತಿಯನ್ನು ಕಣ್ಮುಂದಿಟ್ಟುಕೊಂಡು ಸಾಧನೆ ಮಾಡಿದ ಈ ಸೀಮೆಯ ಪೈಲ್ವಾನರು ದಂಡ ಬಸ್ಕಿಗಳನ್ನು ನೂರರ ಲೆಕ್ಕದಲ್ಲಿ, ಬಿರುಸಾಗಿ ಹೊಡೆಯುತ್ತಿದ್ದರು. ಬಿರುಸಾದ ಬಸ್ಕಿಯಲ್ಲಿ ಒಂದು ಸೂಕ್ಷ್ಮವಿದೆ. ಕುಳಿತೊಡನೆ ಪುಟಿದೇಳುವವನ ಸ್ನಾಯುರಜ್ಜುಗಳು ಹಿಗ್ಗಿ ಸ್ಪ್ರಿಂಗಿನಂತೆ ಶಕ್ತಿಯನ್ನು ಕೂಡಿಟ್ಟು ಏಳುವಾಗ ಮರಳಿಸುತ್ತವೆ. ಇಟಲಿಯ ಕವಾನ್ಯ ಮತ್ತು ಸಂಗಡಿಗರು ೧೯೬೮ರಲ್ಲಿ, ಮೊದಲು ಎಳೆಯಲ್ಪಟ್ಟ ಸ್ನಾಯು ಆಮೇಲೆ ಹೆಚ್ಚು ಕೆಲಸ ಮಾಡಬಲ್ಲುದೆಂದು ತೋರಿಸಿದರು. ಕೆಳಗೆ ಎರಡು ಸೆಕೆಂಡು ತಡೆದು ಏಳಹೇಳಿದರೆ ಈ ಸಾಲ ಹುಟ್ಟುವುದಿಲ್ಲ. ನೂರು ಬಸ್ಕಿ ಹೊಡೆಯುವ ವಿದ್ಯಾರ್ಥಿಯನ್ನು ಹೀಗೆ ತಡೆದು ಮಾಡಹೇಳಿದಾಗ ಮೂವತ್ತಕ್ಕೇ ಅವನು ನಿಂತುಬಿಟ್ಟರೆ ನಾವು ಆಶ್ಚರ್ಯಪಡಬೇಕಾಗಿಲ್ಲ. ಬಿರುಸಿನ ಬಸ್ಕಿ ಉಸಿರಿಗೂ ತಾಳಿಕೆಗೂ ಒಳ್ಳೆಯ ಸಾಧನೆ, ಕುಸ್ತಿಗೆ ಬೇಕಾದದ್ದೂ ಹೌದು. ಆದರೆ ಆ ಸಂಖ್ಯೆಯನ್ನು ಕಾಲಿನ ಬಲದ ಅಳತೆಯೆಂದು ಎಣಿಸುವುದು ತಪ್ಪು.

ನಿಧಾನವನ್ನು ಇಷ್ಟು ಹೊಗಳಿದ ಮೇಲೆ ವೇಗದ ಪರವಾಗಿಯೂ ಹೇಳುವುದು ನ್ಯಾಯ. ಎಡವಿದಾಗ ಬೀಳದಂತೆ ಕಾಲು ಮುಂದಿಡಬೇಕಾದರೆ ಬಲವಿದ್ದರೆ ಸಾಲದು, ಆ ಬಲ ತಟ್ಟನೆ ಒದಗಬೇಕು. ವಯಸ್ಸಾದಂತೆ ಮೊದಲು ಕ್ಷೀಣಿಸುವುದು ವೇಗದ ತಂತುಗಳೇ. ಫೀಲ್ಡಿಂಗ್ ಮುಂತಾದವರು ೨೦೦೨ರಲ್ಲಿ ವಯಸ್ಸಾದ ಮೂವತ್ತು ಮಂದಿ ಮಹಿಳೆಯರಿಗೆ ಹದಿನಾರು ವಾರ ಶಿಕ್ಷಣ ಕೊಟ್ಟಾಗ, ಭಾರವನ್ನು ಆದಷ್ಟು ಬೇಗ ಎತ್ತಿದವರಲ್ಲಿ ಕಾಲುಗಳ ಸಾಮರ್ಥ್ಯ, ಎಂದರೆ ಬಲವೂ ವೇಗವೂ ಕೂಡಿದ ಗುಣ, ನಿಧಾನವಾಗಿ ಎತ್ತಿದವರಿಗಿಂತ ಗಣನೀಯವಾಗಿ ಹೆಚ್ಚಿತು; ಬರಿಯ ಬಲ ಇಬ್ಬರಲ್ಲಿಯೂ ಸರಿಸುಮಾರಾಗಿತ್ತು. ಬೆಮ್ ಮತ್ತು ಸೇಲ್ ಎಂಬವರ ೧೯೯೩ರ ಪ್ರಯೋಗ ಇನ್ನೂ ವಿಚಿತ್ರವಾದುದನ್ನು ಹೇಳುತ್ತದೆ: ಒಂದು ಕಾಲು ಅಲುಗಾಡದಂತೆ ಕಟ್ಟಿಹಾಕಲ್ಪಟ್ಟಿದ್ದರೂ ಅದನ್ನು ಬೇಗ ಚಲಿಸಬೇಕೆಂಬ ಪ್ರಯತ್ನ ಮಾಡಿದರೆ, ನಿಜವಾಗಿ ವೇಗವಾಗಿ ಚಲಿಸಿದ ಕಾಲಿನಷ್ಟೇ ಫಲ ದೊರೆಯುತ್ತದೆ. ಎಂದರೆ ನರಗಳಿಗೆ ಬೇಕಾದದ್ದು ವೇಗದ ಸಂಕಲ್ಪ. ಆದ್ದರಿಂದ ಮನೆಯ ಹಿರಿಯರಿಗೆ ನಾವು ಸೂಚಿಸುವ ಕ್ರಮ ಇದು: ಕುರ್ಚಿಯಿಂದ ತಟ್ಟನೆ ಏಳುವುದು, ಮೂರು ಎಣಿಸುತ್ತ ಮೆಲ್ಲಗೆ ಕೂರುವುದು. ಒಂದೇ ವ್ಯಾಯಾಮದಲ್ಲಿ ದ್ರುತದ ಏರಿಕೆಯೂ ವಿಳಂಬದ ಇಳಿಕೆಯೂ ಒದಗುತ್ತವೆ. ತೋಳಿರುವ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟುಕೊಳ್ಳತಕ್ಕದ್ದು.

ರಕ್ತದೊತ್ತಡದ ಮಾತನ್ನು ಮರೆಯುವಂತಿಲ್ಲ. ೧೯೮೫ರಲ್ಲಿ ಕೆನಡಾದ ಮ್ಯಾಕ್‌ಡೂಗಲ್ ಮತ್ತು ಸಹೋದ್ಯೋಗಿಗಳು ಐವರು ಪಳಗಿದ ದೇಹದಾರ್ಢ್ಯಪಟುಗಳ ಅಪಧಮನಿಯೊಳಗೇ ನಳಿಕೆಯಿಟ್ಟು ಅಳೆದಾಗ, ಎರಡು ಕಾಲುಗಳಿಂದ ಭಾರಿ ಭಾರವನ್ನು ಒತ್ತುವ ಹೊತ್ತಿನಲ್ಲಿ ಸರಾಸರಿ ೩೨೦/೨೫೦ ಮಿಲಿಮೀಟರಿನಷ್ಟು ಒತ್ತಡ ಕಂಡುಬಂದಿತು. ಒಬ್ಬನಲ್ಲಂತೂ ಅದು ೪೮೦/೩೫೦ನ್ನು ದಾಟಿತ್ತು. ಬಿಗಿದ ಸ್ನಾಯುಗಳು ರಕ್ತನಾಳಗಳನ್ನು ಅದುಮುವುದೂ, ಉಸಿರು ಕಟ್ಟಿ ಮುಕ್ಕುವುದೂ ಇದಕ್ಕೆ ಮುಖ್ಯ ಕಾರಣಗಳು. ನಿಧಾನವಾಗಿ ಎತ್ತಿದರೆ ಅಪಾಯವಿಲ್ಲವೆಂಬ ನಂಬಿಕೆ ಅರ್ಧ ಸತ್ಯ. ಭಾರ ಹಗುರವಾಗುವುದರಿಂದ ಲಾಭವುಂಟು. ಆದರೆ ಬಹಳ ಹೊತ್ತು ಬಿಗಿದಿಟ್ಟು ದಣಿವಿನ ಅಂಚಿಗೆ ಬಂದಾಗ ಒತ್ತಡವೂ ಏರುತ್ತದೆ, ಉಸಿರು ಕಟ್ಟುವ ಚಪಲವೂ ಆಗಲೇ ಹೆಚ್ಚು. ಈ ದೋಷ ಸೂರ್ಯನಮಸ್ಕಾರದಲ್ಲಿ ಕಡಮೆ, ಏಕೆಂದರೆ ಅಲ್ಲಿ ಗತಿಯನ್ನು ಉಸಿರೇ ನಡೆಸುತ್ತದೆ. ಬೆಂಗಳೂರಿನ ಕೆ. ವಿ. ಅಯ್ಯರ್ ಅವರನ್ನು ನಮ್ಮ ವಿದ್ಯಾರ್ಥಿಗಳು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ ಬಲ್ಲರು. ಭಾರದ ವ್ಯಾಯಾಮವನ್ನೂ ಸೂರ್ಯನಮಸ್ಕಾರವನ್ನೂ ಜೊತೆಯಾಗಿ ಬೋಧಿಸಿದ ಅಂಗಸಾಧಕರು ಅವರೆಂಬುದನ್ನು ಹಲವರು ಅರಿಯರು. ಎತ್ತುವಾಗ ಗಟ್ಟಿಯಾಗಿ ಎಣಿಸುವಂತೆ ಹೇಳುವುದು ಉಸಿರು ಕಟ್ಟದಿರಲು ಸುಲಭೋಪಾಯ. ಮಾತನಾಡುತ್ತಿರುವವನು ಉಸಿರು ಕಟ್ಟಲಾರ. ರಕ್ತದೊತ್ತಡದ ರೋಗಿಗಳು ವೈದ್ಯರ ಅನುಮತಿಯಿಲ್ಲದೆ ದಣಿವಿನ ಅಂಚಿಗೆ ಹೋಗಬಾರದು.

ಇದನ್ನು ತರಗತಿಯಲ್ಲಿ ಆಚರಣೆಗೆ ತರುವ ಬಗೆ ಸರಳ. ಇಪ್ಪತ್ತು ಲೀಟರು ಹಿಡಿಯುವ ನೀರಿನ ಕ್ಯಾನು ತುಂಬಿದಾಗ ಸುಮಾರು ಇಪ್ಪತ್ತು ಕಿಲೋಗ್ರಾಮು ತೂಗುತ್ತದೆ. ಅರ್ಧ ತುಂಬಿದರೆ ಹತ್ತು. ಅದನ್ನು ಎದೆಗವಚಿಕೊಂಡು ಮೂರು ಎಣಿಕೆಗೆ ಕುಳಿತು, ಒಂದು ಎಣಿಕೆ ತಡೆದು, ಮೂರು ಎಣಿಕೆಗೆ ಏಳುವುದು. ಮೇಲೆ ಮೊಣಕಾಲನ್ನು ಪೂರ್ತಿ ನೀಡಿ ವಿಶ್ರಮಿಸದೆ ಮತ್ತೆ ಇಳಿಯುವುದು. ಒಟ್ಟು ಏಳು ಎಣಿಕೆ. ತಾಳ ಬಲ್ಲ ವಿದ್ಯಾರ್ಥಿನಿಯೊಬ್ಬಳಿಗೆ ತ್ರಿಪುಟ ಹಾಕಹೇಳಿದರೆ ಗಡಿಯಾರ ಬೇಕಾಗದು. ಅದೇ ಕ್ಯಾನಿನೊಡನೆ ಇನ್ನೊಂದು ದಿನ ಒಂದೊಂದು ಎಣಿಕೆಯ ಗತಿಯಲ್ಲಿ ಮಾಡಿಸಿ, ಎರಡು ದಿನವೂ ದಣಿಯುವವರೆಗಿನ ಆವರ್ತಗಳನ್ನೂ, ನಿಂತೊಡನೆಯ ನಾಡಿಬಡಿತವನ್ನೂ, ಮಾರನೆಯ ಹಾಗೂ ಮೂರನೆಯ ದಿನದ ತೊಡೆನೋವನ್ನೂ ಬರೆದಿಟ್ಟುಕೊಳ್ಳಲಿ. ಎರಡು ದಿನಗಳ ನಡುವೆ ಒಂದು ವಾರದ ಬಿಡುವಿರಬೇಕು. ಅರ್ಧದಷ್ಟು ವಿದ್ಯಾರ್ಥಿಗಳು ಮೊದಲು ವಿಳಂಬವನ್ನೂ ಉಳಿದವರು ಮೊದಲು ದ್ರುತವನ್ನೂ ಮಾಡಬೇಕು. ಇಲ್ಲವಾದರೆ ಮೊದಲ ಸಲದ ನೋವು ಕಲಿಸಿದ ಪಾಠ ಎರಡನೆಯ ಸಲದ ಲೆಕ್ಕವನ್ನು ಕೆಡಿಸುತ್ತದೆ.